ಬೈರಿಗೆಯ ಆಚೆ ತುದಿಯಲ್ಲಿ ಅಂದಾನಿಯವರು

ಮಹಾನಗರವೊಂದರ ಸೇತುವೆಗಳನ್ನೂ ಸೌಧಗಳನ್ನೂ ಕಟ್ಟಿದವರ ಹೆಸರು ಹೇಗೋ ಒಂದು ಕಲ್ಲಿನ ಮೇಲೆ ಕೆತ್ತಿಸಿಕೊಂಡು ಉಳಿದುಬಿಡುತ್ತದೆ. ಆ ನಗರದ ನೆಲದಡಿಯಲ್ಲಿ ಕುಡಿಯುವ ನೀರನ್ನು ಒಳಗೆ ತಂದವರ, ಕೊಳೆನೀರನ್ನು ಹೊರಗೆ ಕಳುಹಿಸಿದವರ ಹೆಸರು ಮಾತ್ರ ಗುಂಡಿಗೆ ಮಣ್ಣು ಮುಚ್ಚಿದ ದಿನವೇ ಮುಚ್ಚಿಹೋಗುತ್ತದೆ. ಚೆನ್ನೈನ ರಸ್ತೆಗಳನ್ನು ಅಗೆಯದೆ, ರೈಲುಗಳನ್ನು ನಿಲ್ಲಿಸದೆ, ನೆಲದೊಳಗೆ ಅಡ್ಡಲಾಗಿ ಬೈರಿಗೆ ಹಾಕಿ ಪೈಪು ದಾಟಿಸುವ ಕೆಲಸದಲ್ಲಿ ಮೂರು ದಶಕಗಳಿಗೂ ಮೀರಿ ದುಡಿದು ಈಚೆಗೆ ನಿವೃತ್ತರಾದ ಶ್ರೀ ಅಂದಾನಿಯವರು ಇಂಥವರಲ್ಲಿ ಒಬ್ಬರು. ಅವರ ನಿವೃತ್ತಿಯ ದಿನವೇ ಹೊರಬರಬೇಕಿದ್ದ ಈ ಸಂಪುಟ ತಡವಾಗಿ ಓದುಗರ ಕೈ ಸೇರುತ್ತಿದೆ. ತಡಕ್ಕೆ ಮುದ್ರಣಾಲಯವನ್ನು ದೂರುವುದು ಇಂಥ ಸಂಪುಟಗಳಲ್ಲಿ ರೂಢಿ. ಇಲ್ಲಿ ಆ ರೂಢಿಯನ್ನು ಪಾಲಿಸುವಂತಿಲ್ಲ. ಕಾರಣ ಅಭಿನಂದನ ಸಮಿತಿಯೇ ತಂದ ಎರಡು ಡಬ್ಬಿ ಬಣ್ಣ. ಅದು ಮುಂದೆ ಬರುತ್ತದೆ.

ಅಂದಾನಿಯವರ ವೃತ್ತಿಯನ್ನು ಅರಿಯಲು ಬಡಗಿಯ ಬೈರಿಗೆಯನ್ನು ನೆನೆದರೆ ಸಾಕು. ಮರದ ತೊಲೆಯ ಒಂದು ಮುಖದಲ್ಲಿ ಹೊಕ್ಕು ಇನ್ನೊಂದು ಮುಖದಲ್ಲಿ ಹೊರಬರುವ ಆ ಉಪಕರಣದ ಕೆಲಸವನ್ನೇ ಇಲ್ಲಿ ದೊಡ್ಡ ಯಂತ್ರವೊಂದು ರಸ್ತೆಯ ಕೆಳಗೆ ಮಾಡುತ್ತದೆ. ರಸ್ತೆಯ ಈಚೆ ಒಂದು ಗುಂಡಿ, ಆಚೆ ಒಂದು ಗುಂಡಿ. ಈಚೆಯದನ್ನು ಹೊರಡುವ ಗುಂಡಿಯೆಂದೂ ಆಚೆಯದನ್ನು ತಲುಪುವ ಗುಂಡಿಯೆಂದೂ ಕರೆಯುತ್ತಾರೆ. ಹೊರಡುವ ಗುಂಡಿಯ ತಳದಲ್ಲಿ ಎರಡು ಕಬ್ಬಿಣದ ಹಳಿಗಳು. ಹಳಿಯ ಮೇಲೆ ಯಂತ್ರ. ಯಂತ್ರದ ಮುಂದೆ ಉಕ್ಕಿನ ದಪ್ಪ ಪೈಪು. ಆ ಪೈಪಿನ ಒಳಗೆ ತಿರುಗುವ ತಿರುಪು. ತಿರುಪು ಮಣ್ಣನ್ನು ಕೊರೆದು ಹಿಂದಕ್ಕೆ ತಳ್ಳುತ್ತದೆ, ಯಂತ್ರ ಪೈಪನ್ನು ಮುಂದಕ್ಕೆ ತಳ್ಳುತ್ತದೆ. ಒಂದು ಪೈಪು ಒಳಹೋದರೆ ಅದರ ಬಾಲಕ್ಕೆ ಇನ್ನೊಂದನ್ನು ಬೆಸೆಯುತ್ತಾರೆ. ಕೊನೆಗೆ ಈ ಉಕ್ಕಿನ ಪೈಪಿನೊಳಗೆ ನೀರು ಹರಿಯುವ ನಿಜವಾದ ಪೈಪನ್ನು ತೂರಿಸುತ್ತಾರೆ. ಒಮ್ಮೆ ಹೊರಟ ಪೈಪನ್ನು ನಡುದಾರಿಯಲ್ಲಿ ತಿದ್ದಲು ಬಹುಮಟ್ಟಿಗೆ ಬರುವುದಿಲ್ಲ. ಹಳಿ ಹೇಗೆ ಕೂತಿದೆಯೋ ಪೈಪು ಹಾಗೆಯೇ ಹೋಗುತ್ತದೆ. ಹೀಗಾಗಿ ಈ ವಿದ್ಯೆಯ ಸಾರವೆಲ್ಲ ಹಳಿಯನ್ನು ಕೂರಿಸುವುದರಲ್ಲಿದೆ, ಮತ್ತು ಹಳಿ ಕೂರಿಸುವುದರಲ್ಲಿ ಅಂದಾನಿಯವರಿಗೆ ಸರಿಸಾಟಿ ಈ ನಗರದಲ್ಲಿ ಹೆಚ್ಚು ಜನ ಇರಲಿಲ್ಲ.

ಕೊಳ್ಳೇಗಾಲದ ಸಮೀಪದ ಹಳ್ಳಿಯೊಂದರಲ್ಲಿ ಜನಿಸಿ, ಮೈಸೂರಿನಲ್ಲಿ ಡಿಪ್ಲೊಮಾ ಮುಗಿಸಿದ ಅಂದಾನಿಯವರು ತೊಂಬತ್ತರ ದಶಕದ ಆರಂಭದಲ್ಲಿ, ಇನ್ನೂ ಮದ್ರಾಸು ಎನಿಸಿಕೊಂಡಿದ್ದ ಈ ಊರಿಗೆ ಬಂದರು. ತ್ರಿಪ್ಲಿಕೇನಿನ ಲಾಡ್ಜೊಂದರಲ್ಲಿ, ಮೂವರು ಮಲಗುವ ಕೋಣೆಯಲ್ಲಿ ನಾಲ್ಕನೆಯವರಾಗಿ ಸೇರಿಕೊಂಡು, ಕೆಳಗಿನ ಮೆಸ್ಸಿನ ಸಾಂಬಾರಿಗೆ ನಾಲಿಗೆಯನ್ನೂ ಬೀದಿಯ ತಮಿಳಿಗೆ ಕಿವಿಯನ್ನೂ ಒಗ್ಗಿಸಿಕೊಂಡರು. ಸೇರಿದ್ದು ಪೈಪು ಹಾಕುವ ಖಾಸಗಿ ಸಂಸ್ಥೆಯೊಂದರಲ್ಲಿ. ಮೊದಲ ಕೆಲಸ ರಾಯಪುರದಲ್ಲಿ, ಬಂದರಿನ ಲಾರಿಗಳು ಹಗಲಿರುಳು ಓಡುವ ರಸ್ತೆಯ ಕೆಳಗೆ. ಅಲ್ಲಿಯ ನೆಲ ಮರಳು. ಮರಳಿನ ಕೆಳಗೆ ಉಪ್ಪುನೀರು. ಪಂಪು ಒಂದು ಗಳಿಗೆ ನಿಂತರೆ ಗುಂಡಿ ಕೆರೆಯಾಗುತ್ತಿತ್ತು. ಕಪ್ಪು ಜೇಡಿಯ ನೆಲದಲ್ಲಿ ಹುಟ್ಟಿ ಬೆಳೆದ ತರುಣ, ಕಡಲ ಬದಿಯ ಮರಳಿನ ನಡತೆಯನ್ನು ಅಲ್ಲಿಯೇ ಕಲಿತರು. ತಮಗೆ ಏನೂ ಗೊತ್ತಿಲ್ಲವೆಂಬುದು ಗೊತ್ತಾದದ್ದು ರಾಯಪುರದಲ್ಲಿಯೇ ಎಂದು ಅವರು ಈಗಲೂ ಯಾವ ಮುಜುಗರವೂ ಇಲ್ಲದೆ ಹೇಳುತ್ತಾರೆ.

ಅಂದಿನಿಂದ ಅವರು ರೂಢಿಸಿಕೊಂಡ ಕೆಲವು ಕಟ್ಟಳೆಗಳು ಸಹೋದ್ಯೋಗಿಗಳಿಗೆ ಬಾಯಿಪಾಠವಾಗಿವೆ. ಹಳಿ ಕೂರಿಸಿದ ಮೇಲೆ ಅದನ್ನು ಯಾರೂ ಮುಟ್ಟಕೂಡದು. ಮೊದಲ ಪೈಪು ಹೋಗುವ ದಿನ ಗುಂಡಿಯಲ್ಲಿ ಅನವಶ್ಯಕ ಮಾತು ಕೂಡದು. ಆ ಪೈಪು ಪೂರ್ತಿ ಒಳಸೇರಿ, ಅದರ ಮಟ್ಟವನ್ನು ಇನ್ನೊಮ್ಮೆ ನೋಡುವ ತನಕ ಅಂದಾನಿಯವರೂ ಉಣ್ಣುವುದಿಲ್ಲ, ಯಂತ್ರ ನಡೆಸುವವನೂ ಉಣ್ಣುವುದಿಲ್ಲ. ಉಳಿದವರಿಗೆ ಈ ನಿಯಮವಿರಲಿಲ್ಲ. ಆದರೂ ಯಾರೂ ಉಣ್ಣುತ್ತಿರಲಿಲ್ಲ, ಏಕೆಂದರೆ ಅಂದು ಅವರ ಮಡದಿ ಶ್ರೀಮತಿ ಚಿಕ್ಕತಾಯಮ್ಮನವರು ಒಂದು ಕೊಳಗದ ತುಂಬ ಚಿತ್ರಾನ್ನ ಕಳುಹಿಸುತ್ತಿದ್ದರು, ಮಟ್ಟ ನೋಡಿದ ಮೇಲೆಯೇ ಅದನ್ನು ತೆರೆಯುತ್ತಿದ್ದುದು. ಚಿತ್ರಾನ್ನವೆಂಬುದು ತಮ್ಮ ನಾಡಿನ ಎಲುಮಿಚ್ಚೈ ಸಾದಮೇ, ಅಂದರೆ ನಿಂಬೆಹಣ್ಣಿನ ಅನ್ನವೇ ಎಂದು ತಮಿಳು ಕೆಲಸಗಾರರೂ, ಖಂಡಿತ ಅಲ್ಲವೆಂದು ಕನ್ನಡ ಕೆಲಸಗಾರರೂ ವರ್ಷಗಟ್ಟಲೆ ವಾದಿಸಿದ್ದಾರೆ. ವಾದಿಸುತ್ತಲೇ ಕೊಳಗದ ತಳ ಕಂಡಿದ್ದಾರೆ.

ಎಲ್ಲಕ್ಕಿಂತ ವಿಚಿತ್ರವಾದ ಕಟ್ಟಳೆ ಇನ್ನೊಂದಿತ್ತು. ಪೈಪು ಆಚೆ ಗುಂಡಿಯಲ್ಲಿ ಹೊರಬರುವ ಗಳಿಗೆ ಈ ವೃತ್ತಿಯವರಿಗೆ ಹಬ್ಬ. ಮಣ್ಣಿನ ಗೋಡೆ ಒಡೆದು ತಿರುಪಿನ ಹಲ್ಲುಗಳು ಇಣುಕುವುದನ್ನು ನೋಡಲು ಕಚೇರಿಯ ಗುಮಾಸ್ತರಿಂದ ಹಿಡಿದು ಬೀದಿಯ ಹೂವಾಡಗಿತ್ತಿಯವರೆಗೆ ಎಲ್ಲರೂ ಅಂಚಿನಲ್ಲಿ ನಿಲ್ಲುತ್ತಾರೆ. ಅಂದಾನಿಯವರು ಮಾತ್ರ ಒಮ್ಮೆಯೂ ಅಲ್ಲಿ ನಿಂತವರಲ್ಲ. ಆ ಹೊತ್ತಿನಲ್ಲಿ ಅವರು ಹೊರಡುವ ಗುಂಡಿಯಲ್ಲಿ, ಹಳಿಯ ಪಕ್ಕ, ತಲೆಕೆಳಗಾದ ಬಕೆಟ್ಟಿನ ಮೇಲೆ ಕೂತು, ಹಿಂದೆ ಆಳು ಕಳುಹಿಸಿ, ಈಚೆಗೆ ಫೋನಿನಲ್ಲಿ, ಒಂದೇ ಮಾತು ಕೇಳುತ್ತಿದ್ದರು: "ಬಂತಾ?" ಆ ಕಡೆಯಿಂದ "ಬಂತು" ಎಂಬ ಉತ್ತರ ಬಂದರೆ ಎದ್ದು ಪ್ಯಾಂಟಿನ ಮಣ್ಣು ಕೊಡವಿಕೊಳ್ಳುತ್ತಿದ್ದರು. ಒಂದು ಸಲವಾದರೂ ಬಂದು ನೋಡಬಾರದೇ ಎಂದು ಕೇಳಿದವರಿಗೆ ಅವರ ಉತ್ತರ ಸಿದ್ಧವಾಗಿತ್ತು.

"ಹೊರಡೋದು ನೆಟ್ಟಗಿದ್ರೆ ತಲುಪೋದು ನೆಟ್ಟಗಿರ್ತದ ಕಣಪ್ಪ. ತಲುಪೋದ್ನ ನೋಡೋ ಆಸೆ ಹತ್ತುದ್ರೆ ಹೊರಡೋ ಕಡೆ ಆತುರ ಬಂದ್ಬುಡ್ತದ."

ಈ ಮಾತನ್ನು ಕೇಳಿ ಕೆಲವರು ತಲೆದೂಗುತ್ತಿದ್ದರು, ಕೆಲವರು ಹಿಂದಿನಿಂದ ನಗುತ್ತಿದ್ದರು. ಚಿಕ್ಕತಾಯಮ್ಮನವರ ಅಭಿಪ್ರಾಯ ಮೂರನೆಯದು. "ಅವ್ರಿಗೆ ಭಯ. ಬರ್ದೇ ಹೋದ್ರೆ ಅಂತ," ಎಂದು ಅವರು ಬಂಧುಗಳ ಮುಂದೆಯೇ ಹೇಳಿಬಿಡುತ್ತಿದ್ದರು, ಅಂದಾನಿಯವರು ಅದನ್ನು ಅಲ್ಲಗಳೆದುದಿಲ್ಲ.

ಅವರಿಂದ ಉಪಕೃತರಾದವರು ಅನೇಕರು; ಇಬ್ಬರನ್ನು ಇಲ್ಲಿ ನೆನೆಯಲೇಬೇಕು. ಚಾಮರಾಜನಗರದ ಕಡೆಯಿಂದ ಬಂದ ಮಹದೇವ ಮೊದಲು ಗುಂಡಿಯಿಂದ ಮಣ್ಣು ಹೊರುತ್ತಿದ್ದವನು. ಯಂತ್ರದ ಸದ್ದನ್ನು ಅವನು ಕಿವಿಗೊಟ್ಟು ಕೇಳುವ ರೀತಿಯನ್ನು ಕಂಡು, ಮೇಲಿನವರ ಗೊಣಗಾಟವನ್ನು ಲೆಕ್ಕಿಸದೆ, ಅಂದಾನಿಯವರು ಅವನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಯಂತ್ರ ನಡೆಸಲು ಕಲಿಸಿದರು. ಮರಳಿನಲ್ಲಿ ತಿರುಪಿನ ಮೂತಿಯನ್ನು ಪೈಪಿನ ಒಳಗೇ ಇಟ್ಟುಕೊಳ್ಳಬೇಕು, ಹೊರಗೆ ಚಾಚಿದರೆ ಮೇಲಿನ ರಸ್ತೆಯ ಮರಳೆಲ್ಲ ಪೈಪಿನೊಳಗೆ ಸುರಿದು ರಸ್ತೆಯೇ ಕುಸಿಯುತ್ತದೆ ಎಂಬ ಪಾಠವನ್ನು ಅವನಿಗೆ ಬೈದು ಕಲಿಸಿದರು, ಬೈದ ಸಂಜೆ ಮನೆಗೆ ಕರೆದೊಯ್ದು ಊಟ ಹಾಕಿಸಿದರು. ಇಂದು ಮಹದೇವನು ಸಂಸ್ಥೆಯ ಹಿರಿಯ ಯಂತ್ರ ಚಾಲಕ.

ಇನ್ನೊಬ್ಬರು ಕುಮಾರಿ ರಚನಾ. ಚೆನ್ನೈನಲ್ಲಿಯೇ ಹುಟ್ಟಿ ಬೆಳೆದ, ಬ್ಯಾಂಕಿನ ನೌಕರಿಯ ಕನ್ನಡ ಮನೆತನದ ಈ ಎಂಜಿನಿಯರು ಕೆಲಸಕ್ಕೆ ಸೇರಿದಾಗ, ಹೆಣ್ಣುಮಗಳನ್ನು ಗುಂಡಿಗೆ ಇಳಿಸುವುದು ಹೇಗೆಂದು ಎಲ್ಲರೂ ಮರ್ಯಾದೆಯಿಂದಲೇ ಹಿಂಜರಿದರು. ಅವರ ಅಳತೆಯ ಸುರಕ್ಷಾ ಬೂಟು ಉಗ್ರಾಣದಲ್ಲಿ ಇಲ್ಲವೆಂಬುದು ಎಲ್ಲರಿಗೂ ಅನುಕೂಲವಾದ ನೆಪವಾಯಿತು. ಅಂದಾನಿಯವರು ಚರ್ಚೆಗೆ ಹೋಗಲಿಲ್ಲ. ರಾಯಪುರದ ಬಂದರು ಬದಿಯ ಅಂಗಡಿಗಳನ್ನೆಲ್ಲ ಸುತ್ತಿ, ಚಿಕ್ಕ ಅಳತೆಯ ಬೂಟೊಂದನ್ನು ಹುಡುಕಿ ತಂದು ಅವರ ಮೇಜಿನ ಮೇಲಿಟ್ಟು, "ಇಳಿಯಮ್ಮ," ಎಂದರು. ರಚನಾ ಇಳಿದರು. ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಅರ್ಧ ತಮಿಳಿನಲ್ಲಿ, ಕಾಲು ಇಂಗ್ಲಿಷಿನಲ್ಲಿ ಉತ್ತರಿಸುವ ಅವರಿಗೆ, ಕೊಳ್ಳೇಗಾಲದ ಕನ್ನಡ ಬೂಟಿನ ಜೊತೆಗೇ ಉಚಿತವಾಗಿ ದೊರೆಯಿತು.

ಇನ್ನು ಕೊನೆಯ ಕೆಲಸದ ವಿಚಾರ. ಬೆಸೆಂಟ್ ನಗರದಲ್ಲಿ ಕಡಲಿಗೆ ಹತ್ತಿರವಾಗಿ ಮೀನುಗಾರರ ಒಂದು ಬೀದಿಯಿದೆ. ಅಗಲವಾದ ಬಸ್ಸಿನ ರಸ್ತೆಯ ಈಚೆಗೆ ಎಲ್ಲ ಮನೆಗಳಿಗೂ ಒಳಚರಂಡಿಯಿದ್ದರೂ ಆಚೆಯ ಆ ಬೀದಿಗೆ ಇರಲಿಲ್ಲ. ರಸ್ತೆಯಡಿಯಲ್ಲಿ ಕುಡಿಯುವ ನೀರಿನ ದೊಡ್ಡ ಕೊಳವೆ ಹಾದುಹೋಗಿದ್ದರಿಂದ ಅಗೆಯುವಂತಿರಲಿಲ್ಲ. ಮಳೆಗಾಲ ಬಂತೆಂದರೆ ಮನೆಗಳ ಹಿಂದಿನ ಗುಂಡಿಗಳು ತುಂಬಿ, ಕೊಳೆನೀರು ಹಿತ್ತಲಿನಿಂದ ನಡುಮನೆಗೆ ನಡೆದು ಬರುತ್ತಿತ್ತು. ಬಹುಕಾಲದ ಓಡಾಟದ ನಂತರ ಆ ಬೀದಿಗೆ ಪೈಪು ಮಂಜೂರಾಯಿತು, ಮತ್ತು ಅದನ್ನು ದಾಟಿಸುವ ಕೆಲಸ ಅಂದಾನಿಯವರ ಸೇವಾವಧಿಯ ಕೊನೆಯ ತಿಂಗಳಿಗೆ ಸರಿಯಾಗಿ ಬಂದೊದಗಿತು.

ಇದೇ ಸಮಯದಲ್ಲಿ ನಮ್ಮ ಕನ್ನಡ ಸಂಘದ ಕಾರ್ಯದರ್ಶಿಗಳೂ ವಿಮಾ ಕಚೇರಿಯ ನಿವೃತ್ತ ಅಧಿಕಾರಿಗಳೂ ಆದ ಶ್ರೀ ತಿರುಮಲೇಶ ಅವರ ಮುಂದಾಳತ್ವದಲ್ಲಿ ಅಭಿನಂದನ ಸಮಿತಿ ರೂಪುಗೊಂಡಿತು. ತಿರುಮಲೇಶರು ಒಂದು ಕೆಲಸ ಹಿಡಿದರೆ ಅದು ತಾನಾಗಿ ಮುಗಿಯುವುದಕ್ಕೆ ಬಿಡುವವರಲ್ಲ. ನಿವೃತ್ತಿಯ ದಿನ, ಪೈಪು ಹೊರಬರುವ ಗಳಿಗೆಯಲ್ಲಿ, ತಲುಪುವ ಗುಂಡಿಯ ದಡದಲ್ಲಿಯೇ ಸನ್ಮಾನ ಎಂದು ನಿಶ್ಚಯಿಸಿದರು. ಮುಖ್ಯ ಅತಿಥಿಗಳು ಒಪ್ಪಿದರು, ಶಾಮಿಯಾನ ಗೊತ್ತಾಯಿತು, ಆಹ್ವಾನ ಪತ್ರಿಕೆ ಮನೆಮನೆ ಸೇರಿತು. ಸಂಪುಟದ ಮುಖಪುಟಕ್ಕೆ ಅಂದಾನಿಯವರು ಹಳಿಯ ಪಕ್ಕದಲ್ಲಿ ನಿಂತ ಚಿತ್ರ ಬೇಕೆಂದೂ, ಅದನ್ನು ಮೊದಲ ಪೈಪಿನ ದಿನ ತೆಗೆಯುವುದೆಂದೂ ತೀರ್ಮಾನವಾಯಿತು.

ಶನಿವಾರ ಅಂದಾನಿಯವರು ಹಳಿ ಕೂರಿಸಿದರು. ಬೀದಿಯ ಕೊಳೆನೀರು ರಸ್ತೆಯಾಚೆಯಿಂದ ಈಚೆಗೆ ಇಳಿದು ಬರಬೇಕು. ಅಂದರೆ ಈಚೆಯಿಂದ ಹೊರಡುವ ಪೈಪು ಆಚೆಗೆ ಸ್ವಲ್ಪ ಸ್ವಲ್ಪವೇ ಏರುತ್ತ ಹೋಗಬೇಕು. ಅದಕ್ಕಾಗಿ ಹಳಿಯ ಮುಂತುದಿಯ ಕೆಳಗೆ ದಪ್ಪ ತಗಡುಗಳನ್ನೂ ಹಿಂತುದಿಯ ಕೆಳಗೆ ತೆಳು ತಗಡುಗಳನ್ನೂ ಕೊಟ್ಟು, ಯಾವುದು ಎಲ್ಲಿಯದೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ, ಹತ್ತಿರದ ಸಂಬಂಧಿಕರ ಮದುವೆಗೆಂದು ಪತ್ನೀಸಮೇತ ಕೊಳ್ಳೇಗಾಲಕ್ಕೆ ಹೊರಟರು.

ಭಾನುವಾರ ತಿರುಮಲೇಶರು ಗುಂಡಿಯನ್ನು ನೋಡಲು ಬಂದರು. ಹಳಿ ತುಕ್ಕು ಹಿಡಿದಿತ್ತು. ಮುಖಪುಟದಲ್ಲಿ ತುಕ್ಕೇ? ಅವರು ಅಂಗಡಿಗೆ ಹೋಗಿ ಒಂದು ಡಬ್ಬಿ ಹಳದಿ, ಒಂದು ಡಬ್ಬಿ ಕೆಂಪು ಬಣ್ಣ ತಂದರು. ಈ ಎರಡು ಬಣ್ಣಗಳೇ ಏಕೆಂದು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಮಹದೇವನಿಗೆ ಹಳಿ ಮುಟ್ಟಬಾರದೆಂಬ ಕಟ್ಟಳೆ ಗೊತ್ತಿತ್ತು. ಆದರೆ ಇದು ತನ್ನ ಗುರುವಿನ ಕೊನೆಯ ಹಳಿ, ಅದು ಮದುವಣಗಿತ್ತಿಯಂತೆ ಕಾಣಲೆಂಬ ಆಸೆಯೂ ಇತ್ತು. ಆಸೆ ಗೆದ್ದಿತು. ಕ್ರೇನಿನಲ್ಲಿ ಹಳಿಯನ್ನು ಎತ್ತಿ, ಉಜ್ಜಿ, ಬಣ್ಣ ಹೊಡೆದು, ಉತ್ಸಾಹದಲ್ಲಿ ಕೆಳಗಿನ ತಗಡುಗಳಿಗೂ ಬಣ್ಣ ಹೊಡೆದು, ಒಣಗಿಸಿ, ಎಲ್ಲವನ್ನೂ ಮತ್ತೆ ಮೊದಲಿನಂತೆಯೇ ಕೂರಿಸಿದರು. ಮೊದಲಿನಂತೆಯೇ ಎಂದು ಅವರು ತಿಳಿದರು. ಸೀಮೆಸುಣ್ಣದ ಗುರುತುಗಳು ಹಳದಿಯ ಅಡಿಯಲ್ಲಿ ಹೋಗಿದ್ದವು.

ಸೋಮವಾರ ಬೆಳಿಗ್ಗೆ ಬಸ್ಸಿಳಿದು ನೇರವಾಗಿ ಬಂದ ಅಂದಾನಿಯವರು ಗುಂಡಿಯ ಅಂಚಿನಲ್ಲಿ ನಿಂತು ಕೆಳಗೆ ನೋಡಿದರು. ಬೈಯುತ್ತಾರೆಂದು ಮಹದೇವ ತಲೆ ತಗ್ಗಿಸಿದ. ಅಂದಾನಿಯವರು ಬೈಯಲಿಲ್ಲ. ಅವರ ಕಣ್ಣು ತುಂಬಿತು. ಅಷ್ಟು ಜನರ ಎದುರು ಕಣ್ಣು ತುಂಬಿದ್ದಕ್ಕೆ ಅವರಿಗೆ ನಾಚಿಕೆಯಾಗಿ, "ಚೆಂದಾಗದೆ, ಚೆಂದಾಗದೆ," ಎಂದು ಎರಡು ಬಾರಿ ಹೇಳಿ ಕೆಳಗಿಳಿದರು. ಹಳಿ ಎಡಕ್ಕೋ ಬಲಕ್ಕೋ ಸರಿದಿದೆಯೇ ಎಂದು ದಾರ ಹಿಡಿದು ನೋಡಿದರು, ಸರಿದಿರಲಿಲ್ಲ. ಏರಿಳಿತ ನೋಡಬೇಕೆನ್ನುವಷ್ಟರಲ್ಲಿ ಛಾಯಾಗ್ರಾಹಕರು ಇತ್ತ ತಿರುಗಿ ಎಂದರು, ತಿರುಮಲೇಶರು ಅತ್ತ ನಿಲ್ಲಿ ಎಂದರು. ಮಾತು ಕೂಡದ ದಿನ ಎಲ್ಲರೂ ಮಾತಾಡಿದರು. ಮೊದಲ ಪೈಪು ಒಳಹೋಯಿತು. ಅದರ ಮಟ್ಟ ನೋಡುವ ಹೊತ್ತಿಗೆ ಶಾಲು ಹೊದಿಸುವ ಭಂಗಿಯ ಚಿತ್ರ ತೆಗೆಯಬೇಕಾಗಿ ಬಂತು, ಅದು ಮುಗಿಯುವುದರೊಳಗೆ, ಬಸ್ಸಿಳಿದು ಮನೆಗೆ ಹೋಗಿದ್ದ ಚಿಕ್ಕತಾಯಮ್ಮನವರು ಕಳುಹಿಸಿದ ಚಿತ್ರಾನ್ನದ ಕೊಳಗ ತೆರೆದಿತ್ತು.

ಮೂರನೆಯ ಪೈಪು ಹೋಗುತ್ತಿದ್ದಾಗ ರಚನಾ ಪೈಪಿನ ಬೆನ್ನಿಗೆ ಕಟ್ಟಿದ ನೀರುಗೊಳವೆಯನ್ನು ನೋಡಿದರು. ಪೈಪಿನ ಮೂತಿ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ಆ ಕೊಳವೆಯೊಳಗಿನ ನೀರಿನ ಮಟ್ಟ ಹೇಳುತ್ತದೆ. ಅವರು ಒಮ್ಮೆ ನೋಡಿದರು, ಒರೆಸಿ ಮತ್ತೊಮ್ಮೆ ನೋಡಿದರು, ಯಂತ್ರ ನಿಲ್ಲಿಸಲು ಹೇಳಿದರು.

"ಸರ್, ಮೂತಿ ಏರ್ತಾ ಇಲ್ಲ, ಇಳೀತಾ ಇದೆ. ನಾನೇ ರಾಂಗಾ ನೋಡ್ತಿದೀನಾ ಅಂತ ಡೌಟು. ನೀಂಗೊಂದ್ಸಲ ಪಾರುಂಗೋ ಸರ್."

ಅಂದಾನಿಯವರು ನೋಡಿದರು. ರಚನಾ ಸರಿಯಾಗಿಯೇ ನೋಡಿದ್ದರು. ಅಂದಾನಿಯವರು ಬಗ್ಗಿ ಹಳಿಯ ಕೆಳಗಿನ ತಗಡನ್ನು ಉಗುರಿನಿಂದ ಕೆರೆದರು. ಮುಂತುದಿಯಲ್ಲಿ ಇರಬೇಕಾದ ದಪ್ಪ ತಗಡು ಹಿಂತುದಿಯಲ್ಲಿತ್ತು. ಮಹದೇವನಿಗೆ ಎಲ್ಲವೂ ಒಮ್ಮೆಗೇ ತಿಳಿಯಿತು.

"ನಂದೇ ತೆಪ್ಪು ಸಾ. ಎಲ್ಲಾಕೂ ಬಣ್ಣ ಬಳುದ್ಬುಟ್ಟೊ. ಯಾವ್ದು ಯಾವ್ದು ಅಂತ ಗೊತ್ತಾಗ್ದೆ ಹೋಯ್ತು," ಎಂದು ಅವನು ಅಲ್ಲಿಯೇ ಕುಸಿದು ಕೂತ.

ಸುದ್ದಿ ಕೇಳಿ ತಿರುಮಲೇಶರು ಓಡಿ ಬಂದರು. ಅವರ ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. "ಅಂದಾನಿ ಸಾರ್, ಇನ್ವಿಟೇಷನ್ ಎಲ್ಲಾ ಕೊಟ್ಟಾಚು. ಎಷ್ಟು ಇಳಿದಿದೆ ಹೇಳಿ, ಒಂದು ಬೆರಳೋ ಎರಡು ಬೆರಳೋ? ಒಳಗೆ ಹಾಕೋ ಪೈಪು ಚಿಕ್ಕದು ತಾನೇ? ಅದನ್ನ ಕೊಂಚ ಮೇಲೆತ್ತಿ ಅಡ್ಜಸ್ಟ್ ಪಣ್ಣಿದ್ರೆ ಮುಗೀತು. ಮಣ್ಣೊಳಗೆ ಇರೋದನ್ನ ಯಾರು ನೋಡ್ತಾರೆ?"

ಉಕ್ಕಿನ ಪೈಪಿನೊಳಗೆ ಚಿಕ್ಕ ಪೈಪನ್ನು ಎತ್ತಿ ಕೂರಿಸಬಹುದೆಂಬುದು ನಿಜ. ಆದರೆ ರಸ್ತೆ ದಾಟುವಷ್ಟರಲ್ಲಿ ಮೂತಿ ಇನ್ನೂ ಇಳಿದು, ಎತ್ತಲು ಎಡೆಯೇ ಉಳಿಯುವುದಿಲ್ಲ. ಬೇಸಿಗೆಯಲ್ಲಿ ಹೇಗೋ ಹರಿದೀತು. ಮಳೆಗಾಲದಲ್ಲಿ ನೀರು ಹಿಂದಿರುಗಿ ಬೀದಿಗೇ ಹೋಗುತ್ತದೆ. ಬಿಟ್ಟು ಹೊಸದಾಗಿ ಹೊರಡುವುದಾದರೆ, ಒಳಹೋದ ಪೈಪುಗಳಿಗೆ ಸಿಮೆಂಟು ತುಂಬಿ ನೆಲದಲ್ಲಿಯೇ ಬಿಟ್ಟು, ಪಕ್ಕಕ್ಕೆ ಗುಂಡಿ ಹಿಗ್ಗಿಸಿ, ಮೊದಲಿನಿಂದ ಆರಂಭಿಸಬೇಕು. ಅದು ಮುಗಿಯುವಷ್ಟರಲ್ಲಿ ಅವರ ನಿವೃತ್ತಿ ಆಗಿಹೋಗಿರುತ್ತದೆ. ಸಂಸ್ಥೆಯ ವ್ಯವಸ್ಥಾಪಕರು ಎರಡೂ ಕಡೆ ಯೋಚಿಸಿ, ನಿರ್ಧಾರವನ್ನು ಅಂದಾನಿಯವರಿಗೇ ಬಿಟ್ಟರು. ಒಂದು ಜೀವಮಾನದ ಹೆಸರು, ಅದರ ಕೊನೆಯ ಸಾಲಿನಲ್ಲಿ ಒಂದು ಹಾಳಾದ ಪೈಪು. ಇದು ಬೇಕೆಂದು ಯಾರು ತಾನೇ ಒಪ್ಪುತ್ತಾರೆ? ಅವರಿಗೂ ಬೇಕಿರಲಿಲ್ಲ. ಆ ಮಧ್ಯಾಹ್ನ ಅವರಿಗೆ ಆಹ್ವಾನ ಪತ್ರಿಕೆಯ ಮೇಲೆ, ಬಣ್ಣದ ಮೇಲೆ, ತಮ್ಮ ಮೇಲೆ ಬಹಳ ಸಿಟ್ಟು ಬಂದಿತ್ತೆಂದು ಅವರೇ ಹೇಳಿದ್ದಾರೆ.

ಅವರು ರಸ್ತೆ ದಾಟಿ ಮೀನುಗಾರರ ಬೀದಿಗೆ ನಡೆದರು. ತಲುಪುವ ಗುಂಡಿಯ ಪಕ್ಕದಲ್ಲಿಯೇ ದೇಸಮ್ಮ ಎಂಬ ಹೆಂಗಸಿನ ಮನೆ. ಆಕೆ ಬಾಗಿಲಲ್ಲಿ ಕೂತು ಮೀನು ಹುರಿದು ಮಾರುತ್ತಾಳೆ. ಮನೆಯೊಳಗೆ ಮಂಚದ ಕಾಲುಗಳೂ ಬೀರುವಿನ ಕಾಲುಗಳೂ ಇಟ್ಟಿಗೆಗಳ ಮೇಲೆ ನಿಂತಿದ್ದವು. ಮಳೆಗಾಲದ ಆ ಏರ್ಪಾಡನ್ನು ಬೇಸಿಗೆಯಲ್ಲಿಯೂ ತೆಗೆದಿರಲಿಲ್ಲ. ಆಕೆ ಅಂದಾನಿಯವರನ್ನು ಕಂಡು ಕೈಯ ಹಿಟ್ಟು ಒರೆಸಿಕೊಂಡಳು.

"ಎಪ್ಪೋ ಸಾರ್ ವರುಂ? ಇಂದ ಮಾಸಮಾ?" ಈ ತಿಂಗಳು ಬರುತ್ತದೆಯೇ ಎಂದು ಆಕೆಯ ಪ್ರಶ್ನೆ.

ತಡವಾಗಬಹುದು ಎಂದರು ಅಂದಾನಿಯವರು, ಅರ್ಧ ನಿರ್ಧರಿಸಿದವರಂತೆ.

"ಲೇಟಾನಾ ಪರವಾಯಿಲ್ಲೆ ಸಾರ್," ಎಂದಳು ದೇಸಮ್ಮ. "ಪೋನ ತಣ್ಣಿ ತಿರುಂಬಿ ವರಕ್ಕೂಡಾದು. ಅವ್ವಳದಾನ್." ತಡವಾದರೆ ಚಿಂತೆಯಿಲ್ಲ, ಹೋದ ನೀರು ಮಾತ್ರ ಹಿಂದಿರುಗಿ ಬರಬಾರದು, ಅಷ್ಟೇ.

ಆಕೆಗೆ ತಗಡಿನ ಕಥೆ ತಿಳಿದಿರಲಿಲ್ಲ. ಆಕೆ ಕೇಳಿದ್ದು ತನಗೆ ಬೇಕಾದುದನ್ನು. ಅಂದಾನಿಯವರು ಹಿಂದಿರುಗಿ ಬಂದು ಮಹದೇವನಿಗೆ ಆ ಪೈಪುಗಳನ್ನು ಅಲ್ಲಿಯೇ ಬಿಟ್ಟು ತಿರುಪನ್ನು ಹೊರಗೆಳೆಯಲು ಹೇಳಿದರು. ವ್ಯವಸ್ಥಾಪಕರು ತಪ್ಪು ಯಾರದೆಂದು ಕೇಳಿದಾಗ, "ಮೊದ್ಲ ದಿನ ಮಟ್ಟ ನೋಡ್ದೆ ಹೊರಡ್ಸಿದೋನು ನಾನು. ಇದ್ರಲ್ಲಿ ಇನ್ನೊಬ್ರ ಹೆಸ್ರು ಬ್ಯಾಡ," ಎಂದರು. ಮಹದೇವನ ಕೆಲಸ ಉಳಿಯಿತು. ಒಂದೆರಡು ತಿಂಗಳು ಸೇವೆ ಮುಂದುವರಿಸಿ ನೀವೇ ಮುಗಿಸಿಕೊಡಿ ಎಂದು ಸಂಸ್ಥೆ ಕೇಳಿಕೊಂಡಿತು. ಅಂದಾನಿಯವರು ಒಪ್ಪಲಿಲ್ಲ. ಹೊಸ ಹಳಿಯನ್ನು ರಚನಾ ಕೂರಿಸಲಿ ಎಂದರು.

ಹಳಿ ಕೂರಿಸುವ ಕೆಲಸ ಅವರ ಸೇವೆಯ ಕೊನೆಯ ವಾರದಲ್ಲಿ ನಡೆಯಿತು. ಆ ದಿನಗಳಲ್ಲಿ ಅವರು ಬಕೆಟ್ಟಿನ ಮೇಲೆ ಸುಮ್ಮನೆ ಕೂತಿದ್ದರು. ರಚನಾ ಪ್ರತಿ ತಗಡಿಗೂ ಅವರ ಮುಖ ನೋಡುತ್ತಿದ್ದರು. ಅಂದಾನಿಯವರು ಕೊನೆಕೊನೆಗೆ ಮುಖವನ್ನೇ ಅತ್ತ ತಿರುಗಿಸಿಕೊಂಡರು. ಹಳಿಗೆ ಬಣ್ಣವಿರಲಿಲ್ಲ. ಇದ್ದ ಬಣ್ಣವನ್ನು ಮಹದೇವನೇ ಕೂತು ಕೆರೆದು ತೆಗೆದಿದ್ದ.

ನಿವೃತ್ತಿಯ ದಿನ ಸನ್ಮಾನ ಗುಂಡಿಯ ದಡದಲ್ಲಿ ನಡೆಯದೆ ಸಂಘದ ಸಭಾಂಗಣದಲ್ಲಿ ನಡೆಯಿತು. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ ಎಲ್ಲವೂ ಇದ್ದವು. ಬಿಡುಗಡೆಯಾಗಬೇಕಿದ್ದ ಸಂಪುಟ ಇರಲಿಲ್ಲ. ಸಂಪುಟದಲ್ಲಿ ಕೊನೆಯ ಕೆಲಸವನ್ನು ಯಶಸ್ವಿಯಾಗಿ ಮುಗಿಸಿದರು ಎಂದು ಮುದ್ರಿಸಲು ಅಂದಾನಿಯವರೇ ಬಿಡಲಿಲ್ಲ. ಇದರಿಂದ ತಿರುಮಲೇಶರಿಗೆ ಬಹಳ ನೋವಾಯಿತು. ಭಾಷಣ ಮಾಡಿ ಎಂದಾಗ ಅಂದಾನಿಯವರು ಎದ್ದು ನಿಂತು, "ಪೈಪು ಇನ್ನೂ ಬಂದಿಲ್ಲ. ಬಂದ ಮೇಲೆ ಮಾತಾಡ್ತೀನಿ. ಎಲ್ಲಾರೂ ಊಟ ಮಾಡ್ಕೊಂಡು ಹೋಗಿ," ಎಂದು ಕೂತುಬಿಟ್ಟರು. ಚಪ್ಪಾಳೆ ಹೊಡೆಯಬೇಕೋ ಬೇಡವೋ ಎಂದು ಸಭೆಗೆ ತಿಳಿಯಲಿಲ್ಲ.

ಕೆಲವು ವಾರಗಳು ಕಳೆದವು. ಅಂದಾನಿಯವರು ಬೆಳಿಗ್ಗೆ ಎದ್ದು ಬೂಟು ಹಾಕಿಕೊಳ್ಳುವುದೂ, ಹಾಕಿಕೊಂಡ ಮೇಲೆ ನೆನಪಾಗಿ ಬಿಚ್ಚುವುದೂ ನಡೆದಿತ್ತು. ಫೋನು ಮಾಡಿ ವಿಚಾರಿಸಬಾರದೆಂದು ಅವರು ತಮಗೆ ತಾವೇ ಒಂದು ಹೊಸ ಕಟ್ಟಳೆ ಹಾಕಿಕೊಂಡಿದ್ದರು. ಇಂದು ಪೈಪು ತಲುಪುತ್ತದೆ ಎಂದು ಮಹದೇವ ತಾನಾಗಿಯೇ ತಿಳಿಸಿದ ದಿನ ಚಿಕ್ಕತಾಯಮ್ಮನವರು ಯಾರನ್ನೂ ಕೇಳದೆ ಚಿತ್ರಾನ್ನ ಕಲಸಿ, ಕೊಳಗವನ್ನು ಗಂಡನ ಕೈಗಿತ್ತು, "ಹೋಗಿ ಬನ್ನಿ. ಇನ್ನೆಷ್ಟು ದಿನ ಮನೇಲಿ ಬೂಟ್ ಹಾಕ್ಕಂಡು ಕೂತ್ಕತೀರಿ?" ಎಂದರು.

ಹೊರಡುವ ಗುಂಡಿಯ ಬಾಗಿಲಲ್ಲಿ ಹೊಸ ಕಾವಲುಗಾರನು ಗುರುತಿನ ಚೀಟಿ ಕೇಳಿದ. ಅಂದಾನಿಯವರ ಬಳಿ ಇರಲಿಲ್ಲ. ಮಹದೇವ ಕೆಳಗಿನಿಂದ ಕಂಡು ಒಳಗೆ ಬಿಡೆಂದು ಕೂಗಿದ. ಅಂದಾನಿಯವರು ಅಂಚಿನಿಂದಲೇ ಬಗ್ಗಿ ನೋಡಿದರು. ಹಳಿಯ ಪಕ್ಕ, ತಲೆಕೆಳಗಾದ ಬಕೆಟ್ಟಿನ ಮೇಲೆ ರಚನಾ ಕೂತಿದ್ದರು. ಅವರು ತಲೆಯೆತ್ತಲಿಲ್ಲ. ಯಾರೂ ಮಾತಾಡುತ್ತಿರಲಿಲ್ಲ. ಆ ಮೌನವನ್ನು ಅಂದಾನಿಯವರು ಚೆನ್ನಾಗಿ ಬಲ್ಲರು. ಅದರೊಳಗೆ ಇಳಿಯುವ ಮನಸ್ಸು ಅವರಿಗೆ ಬರಲಿಲ್ಲ. ಕೊಳಗವನ್ನು ಕಾವಲುಗಾರನ ಬಳಿ ಇಟ್ಟು, ಬೇರೆಲ್ಲಿಯೂ ನಿಲ್ಲಲು ಜಾಗವಿಲ್ಲದ್ದರಿಂದ, ರಸ್ತೆ ದಾಟಿ ಆಚೆ ಗುಂಡಿಗೆ ಹೋದರು.

ದೇಸಮ್ಮ ಒಂದು ಸ್ಟೂಲು ತಂದಿಟ್ಟಳು. ಅವರು ಕೂರಲಿಲ್ಲ, ಏಣಿ ಹಿಡಿದು ಕೆಳಗಿಳಿದು ಮರಳಿನ ಗೋಡೆಯ ಎದುರು, ಬೇಕಾದಷ್ಟು ದೂರದಲ್ಲಿ ನಿಂತರು. ಮೊದಲು ಏನೂ ಇರಲಿಲ್ಲ. ಬಳಿಕ ಗೋಡೆಯಿಂದ ಸಣ್ಣಗೆ ಮರಳು ಉದುರಿತು. ಕಾಲಡಿಯ ನೆಲ ನಡುಗಿತು. ಇಷ್ಟು ವರ್ಷ ತಾವು ತಳ್ಳಿಸಿದ್ದು ಈ ತುದಿಗೆ ಹೀಗೆ ನಡುಗುತ್ತ ಬರುತ್ತಿತ್ತೆಂಬುದನ್ನು ಅವರು ಯೋಚಿಸಿಯೇ ಇರಲಿಲ್ಲ. ಗೋಡೆಯಲ್ಲಿ ಒಂದು ಬಿರುಕು ಕಂಡಿತು, ಬಿರುಕು ದುಂಡಗಾಯಿತು, ಒದ್ದೆ ಮರಳು ಒಂದು ರಾಶಿಯಾಗಿ ಜಾರಿಬಿತ್ತು, ಅದರ ಹಿಂದಿನಿಂದ ಉಕ್ಕಿನ ಬಾಯಿ, ಬಾಯೊಳಗೆ ತಿರುಪಿನ ಹಲ್ಲುಗಳು, ನಿಧಾನವಾಗಿ ತಿರುಗುತ್ತ ಬಂದು ನಿಂತವು. ಪೈಪು ಬರಬೇಕಾದ ಎತ್ತರ ತೋರಿಸಲು ಗುರುತಿನ ಗೂಟಕ್ಕೆ ಕಟ್ಟಿದ ದಾರ ಪೈಪಿನ ನೆತ್ತಿಯನ್ನು ಸವರಿಕೊಂಡು ಹಾದುಹೋಗಿತ್ತು.

ಅವರ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅಂದಾನಿಯವರು ಅಲ್ಲಿ ನಿಂತಿರುವರೆಂದು ಮಹದೇವ ಹೇಳಿರಬೇಕು.

"ಸರ್," ರಚನಾ ಅವರ ದನಿ ಒಣಗಿತ್ತು. "ಬಂತಾ?"

ಆ ಪ್ರಶ್ನೆಯನ್ನು ಜೀವಮಾನವೆಲ್ಲ ಕೇಳಿದವರಿಗೆ ಉತ್ತರ ಹೇಳುವುದು ಇಷ್ಟು ಕಷ್ಟವೆಂದು ತಿಳಿದಿರಲಿಲ್ಲ. ಮೇಲೆ ದೇಸಮ್ಮನೂ ಬೀದಿಯವರೂ ಉಸಿರು ಹಿಡಿದು ನೋಡುತ್ತಿದ್ದರು, ರಸ್ತೆಯಾಚೆಯ ಗುಂಡಿಯಲ್ಲಿ ಒಬ್ಬ ಹೆಣ್ಣುಮಗಳು ಬಕೆಟ್ಟಿನ ಮೇಲೆ ಕಾಯುತ್ತಿದ್ದಳು. ಕಾಯುವುದೆಂದರೆ ಏನೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ.

"ಬಂತು ಕಣಮ್ಮ," ಎಂದರು. ದಾರವನ್ನು ಇನ್ನೊಮ್ಮೆ ನೋಡಿ, "ಏರ್ಕೊಂಡೇ ಬಂತು," ಎಂದರು.

ಆ ಮಳೆಗಾಲವೂ ಈಗ ಬಂದು ಹೋಗಿದೆ. ದೇಸಮ್ಮನ ಮಂಚದ ಕೆಳಗಿನ ಇಟ್ಟಿಗೆಗಳು ಈಗ ಬಾಗಿಲ ಹೊರಗೆ ಗಿರಾಕಿಗಳು ಕೂರುವ ಕಟ್ಟೆಯಾಗಿವೆ. ಹಳದಿ ಕೆಂಪು ಹಳಿಯ ಚಿತ್ರ ಈ ಸಂಪುಟದ ಮುಖಪುಟದಲ್ಲಿಲ್ಲ. ಅದನ್ನು ಒಳಪುಟದಲ್ಲಾದರೂ ಹಾಕಲೇಬೇಕೆಂದು ಹಟ ಹಿಡಿದವರು ಅಂದಾನಿಯವರೇ. ಮುಖಪುಟದಲ್ಲಿರುವುದು ದೇಸಮ್ಮನ ಮಗಳು ಗುಂಡಿಯ ಮೇಲಿನಿಂದ ತನ್ನ ಫೋನಿನಲ್ಲಿ ತೆಗೆದ ಚಿತ್ರ: ಪೈಪಿನ ಬಾಯಿ, ಅದರೆದುರು, ನಮಗೆ ಬೆನ್ನು ಮಾಡಿ ನಿಂತ ಒಬ್ಬ ವ್ಯಕ್ತಿ, ಕಿವಿಗೆ ಫೋನು.

ಶ್ರೀ ಅಂದಾನಿಯವರಿಗೂ ಶ್ರೀಮತಿ ಚಿಕ್ಕತಾಯಮ್ಮನವರಿಗೂ ದೀರ್ಘಾಯುಷ್ಯವೂ ಆರೋಗ್ಯವೂ ಇರಲಿ. ಏಣಿ ಹತ್ತಿ ಇಳಿಯುವ ಮೊಣಕಾಲಿನ ಕಸುವು ಬಹುಕಾಲ ಉಳಿಯಲಿ. ಈ ನಗರದ ನೆಲದಡಿಯಲ್ಲಿ ಇನ್ನೂ ದಾಟಬೇಕಾದ ಬೀದಿಗಳು ಬಹಳವಿರುವುದರಿಂದ, ಪ್ರತಿಯೊಂದರ ಆಚೆ ಗುಂಡಿಯಲ್ಲಿ ಅವರಿಗೊಂದು ಸ್ಟೂಲು ಕಾದಿರಲಿ. ರಚನಾ ಅವರ ಮುಂದಿನ ಕೆಲಸ ರಾಯಪುರದಲ್ಲಿದೆ. ಅಲ್ಲಿಯ ಮರಳು ಹೇಗಿದೆಯೆಂದು ಅವರು ಕೇಳಿದಾಗ ಅಂದಾನಿಯವರು ಯಾವ ಸಲಹೆಯನ್ನೂ ಕೊಡಲಿಲ್ಲ. ಪೈಪು ತಲುಪುವ ದಿನ ಯಾವುದೆಂದು ಮಾತ್ರ ವಿಚಾರಿಸಿ, ಆಚೆ ಕಡೆ ತಾವಿರುವುದಾಗಿ ಹೇಳಿದರು.